ಉಪ್ಪು, ಊಟ ಮತ್ತು ಕೊರಳಿನ ಗಂಟು

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕನ್ನಡ ಮಾಧ್ಯಮದಲ್ಲಿ ಕಲಿತ ನಾವೆಲ್ಲರೂ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದವರೇ. ಹಿತವಾಗಿ ಉಣ್ಣಬೇಕು, ಮಿತವಾಗಿ ಉಣ್ಣಬೇಕು ಎಂದು ಹತ್ತು ಸಾಲು ತುಂಬಿಸಿದರೆ ಅಂಕಕ್ಕೆ ಮೋಸವಿರಲಿಲ್ಲ. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಹಿಂದುಮುಂದಾಗಿ ಓದಿದರೆ ಇನ್ನೊಂದು ಅರ್ಥ ಹೊರಡುತ್ತದೆ: ರೋಗ ಬಂದಿದೆಯೆಂದರೆ ಆತನಿಗೆ ಊಟ ಗೊತ್ತಿರಲಿಲ್ಲ. ಈ ಹಿಮ್ಮುಖದ ಅರ್ಥವು ರೋಗಿಯ ಮಂಚದ ಬಳಿ, ಅದರಲ್ಲಿಯೂ ರೋಗಿಯು ಮನೆಮಂದಿಗೆಲ್ಲ ಬೇಯಿಸಿ ಬಡಿಸಿದ ಹೆಂಗಸಾಗಿದ್ದರೆ, ಎಷ್ಟು ಕಠಿಣವಾಗಿ ಕೇಳಿಸುತ್ತದೆ ಎಂಬುದನ್ನು ನನ್ನ ಅಕ್ಕನ ಕಾಯಿಲೆಯ ಕಾಲದಲ್ಲಿ ಕಂಡೆ. ಆ ಅನುಭವವನ್ನೂ, ಅದರ ನೆಪದಿಂದ ಓದಿ ತಿಳಿದುಕೊಂಡ ಕೆಲವು ಸಂಗತಿಗಳನ್ನೂ ಸಂಘದ ಬಂಧುಗಳ ಮುಂದಿಡುವುದು ಈ ಬರಹದ ಉದ್ದೇಶ.

ನಾಲ್ಕು ವರ್ಷಗಳ ಹಿಂದೆ ಅಕ್ಕನ ಕೊರಳಿನ ಮುಂಭಾಗದಲ್ಲಿ ಸಣ್ಣ ನೆಲ್ಲಿಕಾಯಿಯಷ್ಟು ಗಾತ್ರದ ಗಂಟೊಂದು ಕಾಣಿಸಿತು. ನೋವಿರಲಿಲ್ಲ, ನುಂಗುವಾಗ ಮೇಲೆ ಕೆಳಗೆ ಚಲಿಸುತ್ತಿತ್ತು, ಅಷ್ಟೆ. ಕಾಸರಗೋಡಿನ ವೈದ್ಯರು ಮಂಗಳೂರಿಗೆ ಕಳುಹಿಸಿದರು. ಸ್ಕ್ಯಾನಿಂಗ್ ಆಯಿತು, ಸೂಜಿಯಿಂದ ಜೀವಕೋಶಗಳನ್ನು ತೆಗೆದು ಪರೀಕ್ಷಿಸಿದ್ದಾಯಿತು. ಥೈರಾಯ್ಡ್ ಗ್ರಂಥಿಯ ಪ್ಯಾಪಿಲರಿ ಬಗೆಯ ಕ್ಯಾನ್ಸರ್ ಎಂದು ಬರೆದುಕೊಟ್ಟರು. ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ ಇದೇ ಅತಿ ಸಾಮಾನ್ಯವಾದುದು, ನಿಧಾನವಾಗಿ ಬೆಳೆಯುವಂಥದು, ಬಹುಪಾಲು ಗುಣವಾಗುವಂಥದು ಎಂದು ಶಸ್ತ್ರಚಿಕಿತ್ಸಕರು ಸಮಾಧಾನವಾಗಿ ವಿವರಿಸಿದರು. ಆದರೆ ‘ಕ್ಯಾನ್ಸರ್’ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಉಳಿದ ವಿಶೇಷಣಗಳು ಯಾರ ನೆನಪಿನಲ್ಲಿ ಉಳಿಯುತ್ತವೆ?

ಶಸ್ತ್ರಚಿಕಿತ್ಸೆ ಮುಗಿದು ಅಕ್ಕ ಮನೆಗೆ ಬಂದ ಮೇಲೆ ನೋಡಲು ಬರುವವರ ಸಾಲು ಆರಂಭವಾಯಿತು. ಬಂದವರೆಲ್ಲ ಪ್ರೀತಿಯಿಂದಲೇ ಬಂದವರು. ಸೋದರತ್ತೆಯೊಬ್ಬರು ಕುಳಿತ ಕೂಡಲೇ, “ಅಲ್ಲ ಮಗಾ, ಎಂಥ ತಿಂದು ಬಂತಂತೆ ಇದು?” ಎಂದು ಕೇಳಿದರು. ಉತ್ತರಕ್ಕೆ ಕಾಯದೆ, ಪೇಟೆಯಿಂದ ತರುವ ಕ್ಯಾಬೇಜನ್ನು ಬಿಟ್ಟುಬಿಡಬೇಕೆಂದು ಸಲಹೆ ಕೊಟ್ಟರು. ಅದೇ ದಿನ ಸಂಜೆ ನೆರೆಮನೆಯಾಕೆ, “ನಿಮ್ಮದು ಮೀನು ತಿನ್ನದ ಮನೆಯಲ್ಲವಾ ಅಕ್ಕಾ, ಅದಕ್ಕೇ ಇರಬೇಕು” ಎಂದರೆ, ಭಾವನ ಸ್ನೇಹಿತರೊಬ್ಬರು ಕೇರಳದ ಕರಾವಳಿಯಲ್ಲಿ ಈ ಕಾಯಿಲೆ ಹೆಚ್ಚಿರುವುದು ಮೀನು ತಿನ್ನುವುದರಿಂದಲೇ ಎಂದು ವಾದಿಸಿದರು. ಮರಗೆಣಸು, ಪ್ಯಾಕೆಟ್ಟಿನ ಹಾಲು, ಅಂಗಡಿಯ ಪುಡಿ ಉಪ್ಪು, ಎಲ್ಲವೂ ಒಂದೊಂದು ದಿನ ಆರೋಪಿಯ ಸ್ಥಾನದಲ್ಲಿ ನಿಂತವು. ನಮ್ಮ ಜಿಲ್ಲೆಯಲ್ಲಿ ಇಂಥ ಸಂಶಯ ಸುಲಭವಾಗಿ ಹುಟ್ಟುವುದಕ್ಕೆ ಕಾರಣವೂ ಇದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ಕಂಡವರು ಅನ್ನ ನೀರನ್ನು ಸಂಶಯದಿಂದ ನೋಡಿದರೆ ಅವರನ್ನು ದೂಷಿಸುವಂತಿಲ್ಲ.

ಅಕ್ಕ ಯಾರಿಗೂ ಎದುರಾಡಲಿಲ್ಲ. ಒಂದು ರಾತ್ರಿ ನನ್ನನ್ನು ಕರೆದು ಕೂರಿಸಿ ಕೇಳಿದಳು: “ಮೂವತ್ತೈದು ವರ್ಷ ಈ ಮನೆಯವರಿಗೆ ನಾನೇ ಬೇಯಿಸಿ ಹಾಕಿದ್ದು. ಅಡಿಗೆಯಿಂದ ಬಂದದ್ದಾದರೆ ಮಕ್ಕಳಿಗೂ ಬರಬಹುದಲ್ಲ? ನೀನು ಓದಿದ್ದಿ, ಸರಿಯಾಗಿ ಹೇಳು.” ಶಾಲೆಯಲ್ಲಿ ವಿಜ್ಞಾನ ಕಲಿಸಿ ಬದುಕಿದ ನನಗೆ ಈ ಪ್ರಶ್ನೆಗೆ ಬಾಯಿಮಾತಿನ ಸಮಾಧಾನ ಸಾಲದೆಂದು ತೋರಿತು. ಪರಿಚಯದ ವೈದ್ಯರನ್ನು ಕೇಳಿ, ಅವರು ಸೂಚಿಸಿದ ಲೇಖನಗಳನ್ನು ಓದಿ, ಸಂಶಯ ಬಂದಲ್ಲಿ ಮತ್ತೆ ಅವರನ್ನೇ ಪೀಡಿಸಿ ತಿಳಿದುಕೊಂಡುದನ್ನು ಮುಂದೆ ಬರೆಯುತ್ತೇನೆ.

ಥೈರಾಯ್ಡ್ ಎಂಬುದು ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡು ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ. ತೂಕ ಸುಮಾರು 20 ಗ್ರಾಂ. ದೇಹದ ಕಾವು, ಹೃದಯದ ಬಡಿತ, ಮಗುವಿನ ಮಿದುಳಿನ ಬೆಳವಣಿಗೆ ಇವೆಲ್ಲವೂ ಅದು ಸ್ರವಿಸುವ ಹಾರ್ಮೋನುಗಳನ್ನು ಅವಲಂಬಿಸಿವೆ. ಈ ಹಾರ್ಮೋನುಗಳ ಮುಖ್ಯ ಕಚ್ಚಾವಸ್ತು ಅಯೋಡೀನ್. ಒಂದು ಹಾರ್ಮೋನಿನ ಅಣುವಿನಲ್ಲಿ ನಾಲ್ಕು ಅಯೋಡೀನ್ ಪರಮಾಣುಗಳು, ಇನ್ನೊಂದರಲ್ಲಿ ಮೂರು. ವಯಸ್ಕರಿಗೆ ದಿನಕ್ಕೆ ಬೇಕಾದುದು 150 ಮೈಕ್ರೋಗ್ರಾಂ ಮಾತ್ರ. ಇಡೀ ಬದುಕಿನ ಬೇಡಿಕೆಯನ್ನು ಒಟ್ಟುಗೂಡಿಸಿದರೂ ಒಂದು ಚಿಕ್ಕ ಚಮಚೆ ತುಂಬುವಷ್ಟಿಲ್ಲ. ಆದರೆ ಅದನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಆದಕಾರಣ ಈ ಗ್ರಂಥಿಯು ರಕ್ತದಲ್ಲಿ ಹರಿದುಹೋಗುವ ಅಯೋಡೀನನ್ನು ಹೆಕ್ಕಿ ಹೆಕ್ಕಿ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಇದನ್ನು ನಾನು ಅಕ್ಕನಿಗೆ ‘ಅಯೋಡೀನಿಗಾಗಿ ಹಸಿದಿರುವ ಗ್ರಂಥಿ’ ಎಂದು ವಿವರಿಸಿದೆ. ಊಟಕ್ಕೂ ಈ ಗ್ರಂಥಿಗೂ ಇರುವ ಸಂಬಂಧವನ್ನು ಈ ಹಸಿವಿನಿಂದಲೇ ತಿಳಿಯಬೇಕು.

ಹಸಿವು ತೀರದಿದ್ದರೆ ಏನಾಗುತ್ತದೆ? ಹಾರ್ಮೋನು ಸಾಲದೆಂದು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಟಿಎಸ್‌ಎಚ್ ಎಂಬ ಪ್ರಚೋದಕವನ್ನು ಹೆಚ್ಚು ಹೆಚ್ಚು ಕಳುಹಿಸುತ್ತದೆ. ಅದರ ಒತ್ತಡಕ್ಕೆ ಥೈರಾಯ್ಡ್ ಹಿಗ್ಗುತ್ತದೆ. ಅದೇ ಗಳಗಂಡ. ಹಿಮಾಲಯದ ತಪ್ಪಲಿನಲ್ಲಿ ಮಳೆ ಮತ್ತು ಹಿಮ ಮಣ್ಣಿನ ಅಯೋಡೀನನ್ನು ತೊಳೆದುಕೊಂಡು ಹೋಗಿರುವುದರಿಂದ ಅಲ್ಲಿ ಇದು ಮನೆಮನೆಯ ಕಾಯಿಲೆಯಾಗಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿ, ಎರಡು ಭಾಗಗಳಿಗೆ ಅಯೋಡೀನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾಧಾರಣ ಉಪ್ಪನ್ನೂ ಒದಗಿಸಿದರು. ಆರು ವರ್ಷಗಳಲ್ಲಿ ಮೊದಲ ಎರಡು ಭಾಗಗಳಲ್ಲಿ ಗಳಗಂಡ ಅರ್ಧದಷ್ಟು ಇಳಿದಿತ್ತು. ಮೂರನೆಯದರಲ್ಲಿ ಇದ್ದಂತೆಯೇ ಇತ್ತು. 1962ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ನಾವು ಇಂದು ಅಂಗಡಿಯಿಂದ ತರುವ ಪುಡಿ ಉಪ್ಪಿನ ಹಿಂದೆ ಈ ಚರಿತ್ರೆಯಿದೆ.

ಇಲ್ಲಿಂದ ಸೋದರತ್ತೆಯ ಕ್ಯಾಬೇಜಿಗೆ ಬರೋಣ. ಅವರ ಮಾತು ಬರಿಯ ಊಹೆಯಲ್ಲ, ಅದಕ್ಕೂ ಒಂದು ಬೇರಿದೆ. 1928ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನ ವೈದ್ಯರು ಪ್ರಯೋಗಾಲಯದ ಮೊಲಗಳಿಗೆ ಬಹುಕಾಲ ಎಲೆಕೋಸನ್ನೇ ಆಹಾರವಾಗಿ ಕೊಟ್ಟಾಗ ಅವುಗಳಿಗೆ ಗಳಗಂಡ ಬಂದುದನ್ನು ಕಂಡರು. ಕೋಸು, ಹೂಕೋಸು, ಮೂಲಂಗಿ, ಸಾಸಿವೆ ಈ ಕುಟುಂಬದ ಸಸ್ಯಗಳಲ್ಲಿ ಗ್ರಂಥಿಯ ಕೆಲಸಕ್ಕೆ ಅಡ್ಡಬರುವ ಅಂಶಗಳಿವೆ. ಮರಗೆಣಸಿನಲ್ಲಿಯೂ ಅಂಥದೊಂದಿದೆ. ಅದರಲ್ಲಿರುವ ಸಯನೈಡ್ ಅಂಶವನ್ನು ದೇಹವು ಥಯೋಸಯನೇಟ್ ಆಗಿ ಮಾರ್ಪಡಿಸಿ ಹೊರಹಾಕುತ್ತದೆ. ಈ ಥಯೋಸಯನೇಟ್ ಅಯೋಡೀನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕಾಂಗೋ ದೇಶದ ಕಿವು ಸರೋವರದಲ್ಲಿರುವ ಇಜ್ವಿ ದ್ವೀಪದಲ್ಲಿ, ಅಯೋಡೀನ್ ತೀರ ಕಡಿಮೆಯಿರುವ ನೆಲದಲ್ಲಿ, ಮರಗೆಣಸೇ ಮುಖ್ಯ ಆಹಾರವಾದಾಗ ಗಳಗಂಡ ವ್ಯಾಪಕವಾದುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ.

ಆದರೆ ಗಳಗಂಡವೇ ಬೇರೆ, ಕ್ಯಾನ್ಸರೇ ಬೇರೆ. ಅಮೆರಿಕ, ಯುರೋಪು, ಏಷ್ಯಾಗಳಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕೋಸಿನ ಕುಟುಂಬದ ತರಕಾರಿಗಳಿಂದ ಥೈರಾಯ್ಡ್ ಕ್ಯಾನ್ಸರಿನ ಅಪಾಯ ಹೆಚ್ಚುವುದು ಕಾಣಲಿಲ್ಲ. ಮೀನಿನ ಬಗೆಗೂ ಅದೇ ತೀರ್ಮಾನ. ಗಳಗಂಡವಿರುವ ಪ್ರದೇಶಗಳಲ್ಲಿ ಮೀನು ರಕ್ಷಣೆಯನ್ನೇ ಕೊಟ್ಟಂತೆ ಕಂಡಿತು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಮೆಲನೇಷಿಯನ್ ಸ್ತ್ರೀಯರಲ್ಲಿ ಈ ಕ್ಯಾನ್ಸರ್ ಲೋಕದಲ್ಲೇ ಅತಿ ಹೆಚ್ಚೆನಿಸುವಷ್ಟು ಇದ್ದುದರಿಂದ ಅಲ್ಲಿ ಆಹಾರವನ್ನು ವಿವರವಾಗಿ ಪರಿಶೀಲಿಸಲಾಯಿತು. ಕೋಸಿನ ಜಾತಿಯ ತರಕಾರಿಗೂ ಕಾಯಿಲೆಗೂ ನಂಟು ಕಂಡುದು ಅಯೋಡೀನ್ ತೀರ ಕಡಿಮೆ ದೊರೆಯುತ್ತಿದ್ದ ಹೆಂಗಸರಲ್ಲಿ ಮಾತ್ರ. ಎಂದರೆ ಅಲ್ಲಿಯೂ ಕೋಸು ಒಂಟಿಯಾಗಿ ಅಪರಾಧಿಯಲ್ಲ. ಗ್ರಂಥಿ ಹಸಿದಿದ್ದಾಗ ಮಾತ್ರ ಅದರ ಮೇಲೆ ಸಂಶಯ. ಅಯೋಡೀನ್ ಉಪ್ಪು ಬಳಸುವ ನಮ್ಮ ಮನೆಗಳಲ್ಲಿ, ವಾರಕ್ಕೊಮ್ಮೆ ಪಲ್ಯವಾಗಿ ಬೆಂದ ಕ್ಯಾಬೇಜಿಗೆ ಆ ಶಕ್ತಿಯಿಲ್ಲ. ಮರಗೆಣಸನ್ನೂ ನಮ್ಮವರು ಮೊದಲಿನಿಂದಲೇ ಸಾಕಷ್ಟು ನೀರಿನಲ್ಲಿ ಬೇಯಿಸಿ ನೀರು ಬಸಿದೇ ತಿನ್ನುತ್ತ ಬಂದವರು. ತಿರುವಿತಾಂಕೂರಿನಲ್ಲಿ 1880ರ ದಶಕದಲ್ಲಿ ವಿಶಾಖಂ ತಿರುನಾಳ್ ಮಹಾರಾಜರು ಬರಗಾಲದ ಆಸರೆಯಾಗಿ ಬೆಳೆಸಲು ಪ್ರೋತ್ಸಾಹಿಸಿದ ಈ ಗೆಡ್ಡೆ ಎಷ್ಟೋ ಮನೆಗಳ ಹಸಿವು ನೀಗಿಸಿದೆ. ಕುದಿಸಿದ ನೀರನ್ನು ಚೆಲ್ಲುವ ರೂಢಿಯನ್ನು ಬಿಡದಿದ್ದರೆ ಸಾಕು.

ಇಷ್ಟು ಹೊತ್ತಿಗೆ ಅಕ್ಕನ ಮನೆಯಲ್ಲಿ ಇನ್ನೊಂದು ಸಮಸ್ಯೆ ಎದ್ದಿತ್ತು. ಅಯೋಡೀನ್ ಉಪ್ಪೇ ಥೈರಾಯ್ಡ್ ಕ್ಯಾನ್ಸರಿಗೆ ಮೂಲ ಎಂಬ ಸಂದೇಶವೊಂದು ಯಾರದೋ ಮೊಬೈಲಿನಿಂದ ಬಂತು. ಮರುದಿನವೇ ಅಡಿಗೆಮನೆಯ ಮರಿಗೆಯಲ್ಲಿದ್ದ ಉಪ್ಪನ್ನು ತೆಗೆದು, ದನಗಳಿಗೆಂದು ತಂದಿಟ್ಟಿದ್ದ ಕಲ್ಲುಪ್ಪನ್ನು ತೊಳೆದು ತುಂಬಿಸಲಾಯಿತು. ಆಗ ಅಕ್ಕನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು, ಆರು ತಿಂಗಳು ತುಂಬಿತ್ತು. ಇದನ್ನು ತಿಳಿದ ವೈದ್ಯರು ಅಂದು ಮೊದಲ ಬಾರಿಗೆ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದರು. ಬಸುರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡೀನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ತೀರ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಕುಂದು. ಆ ಕುಂದನ್ನು ಅನಂತರ ಯಾವ ಔಷಧದಿಂದಲೂ ತುಂಬಿಸಲಾಗದು. ಕಡಲಿನಿಂದ ಬಂದ ಉಪ್ಪಲ್ಲವೇ, ಅದರಲ್ಲಿ ಅಯೋಡೀನ್ ಇರದೆ ಹೋಗುತ್ತದೆಯೇ ಎಂಬ ಭಾವನ ಪ್ರಶ್ನೆಗೂ ಅವರು ಉತ್ತರಿಸಿದರು: ಬೆರೆಸದ ಕಡಲುಪ್ಪಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಅಯೋಡೀನ್ ಉಳಿಯುವುದಿಲ್ಲ. ಅಂಗಡಿಯ ಉಪ್ಪಿನಲ್ಲಿ ಗ್ರಾಮಿಗೆ ಕನಿಷ್ಠ 15 ಮೈಕ್ರೋಗ್ರಾಂ ಇರಬೇಕೆಂಬುದು ನಿಯಮ. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವನಿಗೆ ಅಲ್ಲಿಗೆ 150 ಸಂದಿತು.

ಅಯೋಡೀನ್ ಉಪ್ಪಿನ ಮೇಲಿನ ಆರೋಪಕ್ಕೂ ಒಂದು ಅರೆಸತ್ಯದ ಆಧಾರವಿದೆ. ಉಪ್ಪಿಗೆ ಅಯೋಡೀನ್ ಬೆರೆಸಿದ ದೇಶಗಳಲ್ಲಿ ಈ ಗ್ರಂಥಿಯ ಕ್ಯಾನ್ಸರುಗಳ ಪೈಕಿ ಫಾಲಿಕ್ಯುಲರ್ ಎಂಬ ಬಗೆಯ ಪಾಲು ತಗ್ಗಿ ಪ್ಯಾಪಿಲರಿ ಬಗೆಯ ಪಾಲು ಹೆಚ್ಚಿತು. ಅರ್ಧ ವಾಕ್ಯವನ್ನಷ್ಟೆ ಓದಿದವನಿಗೆ ಉಪ್ಪು ಕ್ಯಾನ್ಸರ್ ತಂದಿತೆಂದು ತೋರುತ್ತದೆ. ಹೆಚ್ಚು ಉಗ್ರವಾದ ಬಗೆಗಳು ಕಡಿಮೆಯಾದುವು ಎಂಬುದು ಉಳಿದ ಅರ್ಧ. ಅಂದು ಸಂಜೆಯೇ ಭಾವ ಪುಡಿ ಉಪ್ಪಿನ ಹೊಸ ಪ್ಯಾಕೆಟ್ ತಂದು ಮರಿಗೆಗೆ ಸುರಿದರು. ಕಲ್ಲುಪ್ಪು ಹಟ್ಟಿಗೆ ಹಿಂದಿರುಗಿತು.

ಹಾಗಾದರೆ ಆಹಾರವು ಈ ಕ್ಯಾನ್ಸರಿಗೆ ಎಂದೂ ಕಾರಣವಾದುದಿಲ್ಲವೇ? ಒಮ್ಮೆ ಆಗಿದೆ. ಅದನ್ನೂ ಹೇಳದಿದ್ದರೆ ವಿಷಯಕ್ಕೆ ನ್ಯಾಯ ಸಲ್ಲಿಸಿದಂತಾಗದು. 1986ರ ಏಪ್ರಿಲ್ 26ರಂದು ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ಘಟಕ ಸ್ಫೋಟಿಸಿದಾಗ ಗಾಳಿಗೆ ಸೇರಿದ ವಸ್ತುಗಳಲ್ಲಿ ವಿಕಿರಣಶೀಲ ಅಯೋಡೀನ್ 131 ಒಂದು. ಅದು ಉಕ್ರೇನ್, ಬೆಲಾರೂಸ್, ರಷ್ಯಗಳ ಹುಲ್ಲುಗಾವಲುಗಳ ಮೇಲೆ ಇಳಿಯಿತು. ಹಸುಗಳು ಹುಲ್ಲು ಮೇದವು, ಮಕ್ಕಳು ಹಾಲು ಕುಡಿದರು. ಆ ಪ್ರದೇಶಗಳಲ್ಲಿ ಮೊದಲೇ ಅಯೋಡೀನಿನ ಕೊರತೆಯಿತ್ತು. ಹಸಿದ ಗ್ರಂಥಿಗೆ ಒಳ್ಳೆಯ ಅಯೋಡೀನ್ ಯಾವುದು, ಕೆಟ್ಟದು ಯಾವುದು ಎಂಬ ಭೇದ ತಿಳಿಯದು, ಬಂದುದನ್ನೆಲ್ಲ ಹೀರಿಕೊಂಡಿತು. ಆಗ ಮಕ್ಕಳೂ ಹದಿಹರೆಯದವರೂ ಆಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿತ್ತು. ಅದರ ದೊಡ್ಡ ಪಾಲಿಗೆ ಆ ಹಾಲೇ ಕಾರಣವೆಂದು ವಿಶ್ವಸಂಸ್ಥೆಯ ತಜ್ಞರ ತೀರ್ಮಾನ. ನೆರೆಯ ಪೋಲೆಂಡಿನಲ್ಲಿ ಕೆಲವೇ ದಿನಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಮಕ್ಕಳಿಗೆ ಸಾಧಾರಣ ಅಯೋಡೀನನ್ನು ಕುಡಿಸಿ ಗ್ರಂಥಿಯ ಹಸಿವನ್ನು ಮೊದಲೇ ತೀರಿಸಿಬಿಟ್ಟರು. ಚಿಕ್ಕ ಮಕ್ಕಳಿಗೆ ಹಸಿ ಹಾಲಿನ ಬದಲು ಹಾಲಿನ ಪುಡಿ ಕೊಟ್ಟರು. ಅಲ್ಲಿಯೂ ಹಾಲು ಕೊಟ್ಟ ತಾಯಂದಿರದು ತಪ್ಪೆಂದು ಯಾರು ಹೇಳಿಯಾರು?

ನಮ್ಮ ಕರಾವಳಿಯ ಮಾತು ಉಳಿಯಿತು. ತಿರುವನಂತಪುರದ ಕ್ಯಾನ್ಸರ್ ನೋಂದಣಿಯಲ್ಲಿ ಸ್ತ್ರೀಯರ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ ದೇಶದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದೆಂಬುದು ನಿಜ. ಮೀನು, ಮರಗೆಣಸು, ಕರುನಾಗಪ್ಪಳ್ಳಿಯ ಥೋರಿಯಂ ಮರಳು, ಎಲ್ಲವನ್ನೂ ಜನ ಹೆಸರಿಸುತ್ತಾರೆ. ಆದರೆ ಕರುನಾಗಪ್ಪಳ್ಳಿಯಲ್ಲಿ ಸುಮಾರು 70,000 ಮಂದಿಯನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನ 2009ರಲ್ಲಿ ಪ್ರಕಟವಾದಾಗ ಅಲ್ಲಿನ ನೈಸರ್ಗಿಕ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದುದು ಕಂಡುಬರಲಿಲ್ಲ. ಏರಿಕೆಗೆ ತಜ್ಞರು ಕೊಡುವ ಮುಖ್ಯ ಕಾರಣ ಬೇರೆಯೇ: ಆಸ್ಪತ್ರೆ ಹತ್ತಿರವಿರುವಲ್ಲಿ, ಸ್ಕ್ಯಾನಿಂಗ್ ಸುಲಭವಾಗಿ ದೊರೆಯುವಲ್ಲಿ, ಹಿಂದೆ ಯಾರ ಗಮನಕ್ಕೂ ಬಾರದೆ ಉಳಿಯುತ್ತಿದ್ದ ಸಣ್ಣ ಗಂಟುಗಳೂ ಇಂದು ಲೆಕ್ಕಕ್ಕೆ ಸೇರುತ್ತವೆ. ಇದಕ್ಕೆ ದಕ್ಷಿಣ ಕೊರಿಯವೇ ದೊಡ್ಡ ಸಾಕ್ಷಿ. ಕಡಲಪಾಚಿ ತಿನ್ನುವ ಆ ನಾಡಿನಲ್ಲಿ 2011ರ ಹೊತ್ತಿಗೆ ಈ ಕ್ಯಾನ್ಸರಿನ ಪ್ರಮಾಣ 1993ಕ್ಕಿಂತ 15 ಪಟ್ಟು ಏರಿತ್ತು. ಆದರೆ ಸಾವಿನ ಪ್ರಮಾಣ ಏರಲೇ ಇಲ್ಲ. ಜನರ ಊಟ ಹಠಾತ್ತನೆ ಬದಲಾಗಿರಲಿಲ್ಲ. ಆರೋಗ್ಯ ತಪಾಸಣೆಯ ಜತೆಯಲ್ಲಿ ಕೊರಳಿನ ಸ್ಕ್ಯಾನಿಂಗ್ ಮಾಡಿಸುವ ರೂಢಿ ಹರಡಿತ್ತು. ಇದು 2014ರಲ್ಲಿ ಚರ್ಚೆಗೆ ಬಂದ ಮೇಲೆ ಅನಗತ್ಯ ಪರೀಕ್ಷೆ ತಗ್ಗಿತು, ಶಸ್ತ್ರಚಿಕಿತ್ಸೆಗಳೂ ತಗ್ಗಿದುವು. ಕೈಗೆ ಸಿಗುವ ಗಂಟನ್ನು ಕಡೆಗಣಿಸಬೇಕೆಂದು ಇದರರ್ಥವಲ್ಲ. ಯಾವ ಲಕ್ಷಣವೂ ಇಲ್ಲದವರು ಕೇವಲ ಭಯದಿಂದ ಸ್ಕ್ಯಾನಿಂಗಿಗೆ ಓಡಬೇಕಾಗಿಲ್ಲ ಎಂಬುದಷ್ಟೆ ಇದರ ಪಾಠ.

ಬಾಲ್ಯದಲ್ಲಿ ಕೊರಳಿಗೆ ತಗಲಿದ ವಿಕಿರಣ, ಕೆಲವು ಬಗೆಗಳಲ್ಲಿ ವಂಶವಾಹಿ, ಇವು ಖಚಿತವಾಗಿ ತಿಳಿದ ಕಾರಣಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಸುಮಾರು ಮೂರು ಪಟ್ಟು ಹೆಚ್ಚು. ದೇಹದ ಅತಿಯಾದ ಕೊಬ್ಬನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಈ ಕ್ಯಾನ್ಸರಿನ ಅಪಾಯಗಳ ಸಾಲಿಗೆ ಸೇರಿಸಿದೆ. ತಟ್ಟೆಯಲ್ಲಿರುವ ಯಾವುದೋ ಒಂದು ತರಕಾರಿಯನ್ನು ಶಂಕಿಸುವುದಕ್ಕಿಂತ ತೂಕವನ್ನು ಹತೋಟಿಯಲ್ಲಿಡುವುದು ಹೆಚ್ಚು ಅರ್ಥಪೂರ್ಣ.

ಅಕ್ಕನ ಚಿಕಿತ್ಸೆಯ ಎರಡನೆಯ ಘಟ್ಟದಲ್ಲಿ ಊಟವು ನಿಜವಾಗಿಯೂ ಮುಖ್ಯವಾಯಿತು. ಕೊರಳಿನ ಕೆಲವು ದುಗ್ಧಗ್ರಂಥಿಗಳಿಗೂ ಕಾಯಿಲೆ ಹರಡಿದ್ದುದರಿಂದ ವಿಕಿರಣಶೀಲ ಅಯೋಡೀನ್ ಕೊಡಬೇಕೆಂದು ನಿರ್ಧಾರವಾಗಿತ್ತು. ಚೆರ್ನೋಬಿಲ್‌ನ ಮಕ್ಕಳಿಗೆ ಹಾಲಿನಲ್ಲಿ ಸೇರಿಹೋದ ಅದೇ ಅಯೋಡೀನ್ 131 ಇಲ್ಲಿ ಅಳತೆಮಾಡಿದ ಔಷಧ. ಶಸ್ತ್ರಚಿಕಿತ್ಸೆಯ ಅನಂತರ ಅಲ್ಲಲ್ಲಿ ಉಳಿದಿರಬಹುದಾದ ಥೈರಾಯ್ಡ್ ಕೋಶಗಳು ಅದನ್ನು ಹೀರಿಕೊಂಡು ತಾವೇ ನಾಶವಾಗುತ್ತವೆ. ಅವು ಆಸೆಯಿಂದ ಹೀರಬೇಕಾದರೆ ಮೊದಲು ಹಸಿದಿರಬೇಕಲ್ಲ? ಆದುದರಿಂದ ಎರಡು ವಾರ ಅಯೋಡೀನ್ ಕಡಿಮೆಯಿರುವ ಪಥ್ಯ. ಬೇರೆಯವರಿಗೆ ಬೇಕೇ ಬೇಕಾದ ವಸ್ತುವನ್ನು ಅಕ್ಕ ಒಬ್ಬಳು ಕೆಲವು ದಿನ ಬಿಡಬೇಕು ಎಂಬ ವಿವೇಕವನ್ನು ಮನೆಮಂದಿ ಕಲಿತದ್ದು ಆಗಲೇ. ಅಡಿಗೆಮನೆಯಲ್ಲಿ ಎರಡು ಉಪ್ಪು: ಮರಿಗೆಯಲ್ಲಿ ಎಲ್ಲರದು; ಆಸ್ಪತ್ರೆಯ ಔಷಧದಂಗಡಿಯಿಂದ ತಂದ ಅಯೋಡೀನ್ ಇಲ್ಲದ ಉಪ್ಪು ಗಾಜಿನ ಕುಪ್ಪಿಯಲ್ಲಿ ಅಕ್ಕನಿಗೆ.

ಆ ಎರಡು ವಾರಗಳಲ್ಲಿ ನಮ್ಮ ಕಡೆಯ ಅಡಿಗೆಯಲ್ಲಿ ಉಪ್ಪು ಎಲ್ಲೆಲ್ಲಿ ಅಡಗಿದೆಯೆಂಬುದು ಗೊತ್ತಾಯಿತು. ಭರಣಿಯ ಮಿಡಿ ಉಪ್ಪಿನಕಾಯಿ ಇಲ್ಲ, ಹಪ್ಪಳವಿಲ್ಲ, ಮಳೆಗಾಲಕ್ಕೆಂದು ಕೂಡಿಟ್ಟ ಉಪ್ಪುಸೊಳೆಯಿಲ್ಲ. ಬೇಕರಿಯ ತಿಂಡಿ, ಹೋಟೆಲಿನ ಊಟ ಸಲ್ಲದು. ಹಾಲು ಮೊಸರು ಮಜ್ಜಿಗೆ ನಿಷಿದ್ಧ. ಮೀನು, ಮೊಟ್ಟೆಯ ಹಳದಿಭಾಗ ತಿನ್ನುವ ಮನೆಗಳಲ್ಲಿ ಅವೂ ಇಲ್ಲ. ಉಳಿದುದೇನು? ಕುಚ್ಚಲಕ್ಕಿಯ ಗಂಜಿ, ತೆಂಗಿನಕಾಯಿ, ಬೆಲ್ಲ, ಬಾಳೆಹಣ್ಣು, ಬಸಳೆ, ಸೌತೆ, ಕುಂಬಳ, ಹಾಲಿಲ್ಲದ ಕಾಪಿ. ಮಗಳು ಅಮ್ಮನಿಗೆಂದು ಬೇರೆಯೇ ಪಾತ್ರೆಯಲ್ಲಿ ಬೇಯಿಸಿದಳು. ಹಾರ್ಮೋನಿನ ಮಾತ್ರೆಯನ್ನೂ ನಿಲ್ಲಿಸಿದ್ದುದರಿಂದ ಅಕ್ಕನಿಗೆ ನಡುಬೇಸಗೆಯಲ್ಲಿ ಚಳಿ, ಮೈಭಾರ, ಎಷ್ಟು ಮಲಗಿದರೂ ತೀರದ ನಿದ್ದೆ. ಔಷಧ ಸೇವಿಸಿದ ಮೇಲೆ ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿ ಕೆಲವು ದಿನ, ಮನೆಗೆ ಬಂದ ಅನಂತರವೂ ಬಸುರಿ ಮಗಳ ಸಮೀಪ ಸುಳಿಯಬಾರದೆಂಬ ಕಟ್ಟುಪಾಡು. ಮಗಳನ್ನು ಆ ದಿನಗಳಿಗೆ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಸೀಮಂತದ ಸಿದ್ಧತೆಯನ್ನು ಅಕ್ಕ ಫೋನಿನಲ್ಲಿಯೇ ನಡೆಸಿದಳು.

ಆಕೆ ಗುಣಮುಖಳಾದಳು. ಮೊಮ್ಮಗಳು ಆರೋಗ್ಯವಾಗಿ ಹುಟ್ಟಿದಳು. ಈಗ ಅಕ್ಕನ ಬದುಕಿನಲ್ಲಿ ಉಳಿದಿರುವ ನಿಯಮ ಒಂದೇ: ಬೆಳಗ್ಗೆ ಬರಿಹೊಟ್ಟೆಯಲ್ಲಿ ಥೈರಾಕ್ಸಿನ್ ಮಾತ್ರೆ, ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಕಾಪಿಯೂ ಇಲ್ಲ. ಕಬ್ಬಿಣ ಹಾಗೂ ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆಯ ಅಂತರ. ಉಳಿದಂತೆ ಎಲ್ಲರಂತೆ ಊಟ. ಕ್ಯಾಬೇಜಿನ ಪಲ್ಯವೂ ಅದರಲ್ಲಿದೆ.

ಆಕೆಯ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಹೀಗಿತ್ತು: “ನೀನು ಬೇಯಿಸಿ ಹಾಕಿದ್ದರಿಂದ ಯಾರಿಗೂ ಏನೂ ಬಂದದ್ದಲ್ಲ. ನೀನು ಹಾಕಿದ ಉಪ್ಪಿನಿಂದ ಮಕ್ಕಳ ಮಿದುಳು ಬೆಳೆಯಿತು, ಅದು ಬೇಕಾದರೆ ನಿನ್ನ ಲೆಕ್ಕಕ್ಕೆ.” ಅಕ್ಕ ಆ ಹೊತ್ತಿಗೆ ಏನೂ ಹೇಳಲಿಲ್ಲ. ಮುಂದಿನ ಸಲ ಸೋದರತ್ತೆ ಬಂದಾಗ ಉಪ್ಪಿನ ವಿಚಾರವನ್ನು ಆಕೆಯೇ ಅವರಿಗೆ ಬಿಡಿಸಿ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

ಕೊನೆಗೆ ಸಂಘದ ಮುಂದೆ ಒಂದು ಬಿನ್ನಹ. ಅಕ್ಕನಿಗೆ ಆಸ್ಪತ್ರೆಯಲ್ಲಿ ಕೊಟ್ಟ ಪಥ್ಯದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಏಳನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದ ಆಕೆಗೆ ಅದು ಉಪಯೋಗಕ್ಕೆ ಬರುವಂತಿರಲಿಲ್ಲ. ಇತ್ತ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಿರುವುದೆಲ್ಲ ಮಲಯಾಳ. ನಾನು ಆ ಪಟ್ಟಿಯನ್ನು ನಮ್ಮ ಊಟದ ಹೆಸರುಗಳಲ್ಲಿ, ಉಪ್ಪುಸೊಳೆ ಹಪ್ಪಳಗಳನ್ನೂ ಸೇರಿಸಿ, ಕನ್ನಡದಲ್ಲಿ ಬರೆದು ವೈದ್ಯರಿಗೆ ಓದಿ ಹೇಳಿ ಒಪ್ಪಿಗೆ ಪಡೆದು ಅಡಿಗೆಮನೆಯ ಗೋಡೆಗೆ ಅಂಟಿಸಿದೆ. ಅದರ ಪ್ರತಿ ಈಚೆಗೆ ಇನ್ನಿಬ್ಬರು ರೋಗಿಗಳ ಮನೆಗೆ ಹೋಗಿದೆ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕೆಂದು ನಾವು ಪ್ರತಿ ಸಮ್ಮೇಳನದಲ್ಲಿ ನಿರ್ಣಯ ಮಂಡಿಸುತ್ತೇವೆ. ಕಥೆ ಕವಿತೆಗಳ ಜತೆಗೆ ಬಸುರಿಯ ಆಹಾರ, ಮಧುಮೇಹದ ಪಥ್ಯ, ಥೈರಾಯ್ಡ್ ಮಾತ್ರೆಯ ಕ್ರಮ ಇಂಥವುಗಳ ಒಂದೊಂದು ಪುಟವನ್ನು ವೈದ್ಯರಿಂದ ತಿದ್ದಿಸಿ, ಕನ್ನಡದಲ್ಲಿ ಅಚ್ಚುಹಾಕಿಸಿ ಮನೆಗಳಿಗೆ ತಲಪಿಸುವ ಕೆಲಸವನ್ನೂ ಸಂಘ ಕೈಗೆತ್ತಿಕೊಳ್ಳಲೆಂದು ಕೋರುತ್ತೇನೆ. ಥೈರಾಯ್ಡಿನ ಪುಟವನ್ನು ಬರೆದುಕೊಡಲು ನಾನು ಸಿದ್ಧ. ರೋಗಿಯನ್ನು ನೋಡಲು ಹೋಗುವವರಿಗಾಗಿ ಅದರಲ್ಲಿ ಒಂದು ಸಾಲು ಸೇರಿಸಬೇಕೆಂದಿದ್ದೇನೆ: ಏನು ತಿಂದು ಬಂತು ಎಂದು ಕೇಳಬೇಡಿ, ಈಗ ಏನು ತಿನ್ನಬಹುದು ಎಂದು ಕೇಳಿ ಅದನ್ನು ಮಾಡಿ ತೆಗೆದುಕೊಂಡು ಹೋಗಿ.